ಹಳೆಯ ಫೈಬರ್ ದೋಣಿ: ದುರಸ್ತಿಯೋ, ಬಂಡವಾಳವೋ?

ಸಿರುಗುಪ್ಪದ ತುಂಗಭದ್ರಾ ತೀರದಲ್ಲಾಗಲಿ, ಬಳ್ಳಾರಿ, ಕುರುಗೋಡು ಭಾಗದ ಕೆರೆಗಳಲ್ಲಾಗಲಿ ಮೀನುಗಾರಿಕೆಗೆಂದು ಹಳೆಯ ಫೈಬರ್ ದೋಣಿ ಕೊಳ್ಳುವ ಉದ್ದಿಮೆದಾರರು ಅದರ ಮಾರ್ಪಾಡಿನ ಖರ್ಚನ್ನು ಲೆಕ್ಕದಲ್ಲಿ ಎಲ್ಲಿ ತೋರಿಸಬೇಕೆಂಬುದನ್ನು ಮೊದಲೇ ಅರಿತಿರುವುದು ಅಗತ್ಯ.

ಬಿರುಕನ್ನು ಉಜ್ಜಿ ಫೈಬರ್ ಹಾಸು ಮತ್ತು ರೆಸಿನ್‌ನಿಂದ ಮುಚ್ಚುವುದು, ಹಿಂಬದಿಯ ನೀರು ಕುಡಿದ ಹಲಗೆಯನ್ನು ಬದಲಿಸುವುದು, ಮೋಟಾರಿಗೆ ಆಧಾರ ಕೂರಿಸುವುದು ಮುಖ್ಯ ಕೆಲಸಗಳು. ದೋಣಿಯನ್ನು ಬಳಕೆಗೆ ಇಳಿಸುವ ಮುನ್ನ ಮಾಡಿದರೆ ಇವೆಲ್ಲವೂ ಆಸ್ತಿಯ ಮೂಲ ವೆಚ್ಚಕ್ಕೆ ಸೇರುತ್ತವೆ. ದೋಣಿ ದುಡಿಯತೊಡಗಿದ ಮೇಲೆ ಬಿರುಕು ಮುಚ್ಚಿದರೆ ಅದು ಚಾಲ್ತಿ ದುರಸ್ತಿ. ಆ ವರ್ಷದ ಆದಾಯದಲ್ಲಿಯೇ ಕಳೆಯಬಹುದು. ಇರುವ ಆಸ್ತಿಯನ್ನು ಕಾಪಾಡುವ ಖರ್ಚು ಮಾತ್ರ ಚಾಲ್ತಿ ದುರಸ್ತಿಯೆಂದು ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ.

ಉದಾಹರಣೆಗೆ, ಖರೀದಿ ರೂ. 40,000, ಮಾರ್ಪಾಡು ರೂ. 20,000 ಆದರೆ ಮೂಲ ವೆಚ್ಚ ರೂ. 60,000. 2025-26ರ ಆರ್ಥಿಕ ವರ್ಷಕ್ಕೆ ಅನ್ವಯಿಸಿದ 1962ರ ನಿಯಮಗಳಂತೆ ಶೇ. 20ರ ಸವಕಳಿ ರೂ. 12,000, ಕೊಂಡ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅರ್ಧ.

ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದಾಗಿ ಕೊಟ್ಟ ಹಣ ಮೂಲ ವೆಚ್ಚಕ್ಕೆ ಸೇರದು. ಅದರ ಸವಕಳಿಯೂ ದೊರೆಯದು. ಆದ್ದರಿಂದ ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸಿ, ದೋಣಿ ನೀರಿಗಿಳಿದ ದಿನಾಂಕವನ್ನು ದಾಖಲಿಸಿಡತಕ್ಕದ್ದು.