ಗೋಧಿ ಬಿಟ್ಟು ಊರು ಸುತ್ತುವುದು ಹೇಗೆ?

ಅಹ್ಮದಿಯಿಂದ ಮಾತಾಡುತ್ತಿದ್ದೇನೆ. ಇವತ್ತಿನ ವಿಷಯ ಊಟ. ಆದರೆ ಅಡುಗೆ ಹೇಳಿಕೊಡಲು ಬಂದಿಲ್ಲ. ಗೋಧಿ ತಿನ್ನಬಾರದವರು ಬೇರೆ ಊರಿಗೆ ಹೋಗಿ, ನಾಲ್ಕು ದಿನ ಹೊಟ್ಟೆ ತುಂಬ ಉಂಡು, ಆರೋಗ್ಯವಾಗಿ ವಾಪಸ್ ಬರುವುದು ಹೇಗೆ ಎಂದು ಹೇಳುತ್ತೇನೆ.

ನಮ್ಮ ಮನೆಯಲ್ಲಿ ಇದು ಮಗಳಿಂದ ಶುರುವಾಯಿತು. ಎರಡು ವರ್ಷ ಅವಳಿಗೆ ಹೊಟ್ಟೆನೋವು, ಸುಸ್ತು, ರಕ್ತ ಕಡಿಮೆ. ಶಾಲೆಗೆ ಹೋಗಲು ನೆಪ ಹೇಳುತ್ತಾಳೆ ಎಂದು ನಾನೇ ಬೈದಿದ್ದೇನೆ. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ ಎಲ್ಲ ಆಗಿ ಸೀಲಿಯಾಕ್ ಎಂದು ಗೊತ್ತಾಯಿತು. ಚಪಾತಿ, ಬ್ರೆಡ್, ಉಪ್ಪಿಟ್ಟು ಎಲ್ಲ ನಿಲ್ಲಿಸಿದೆವು. ಆದರೂ ಪೂರ್ತಿ ಗುಣವಾಗಲಿಲ್ಲ. ಒಂದು ದಿನ ಇಂಗಿನ ಡಬ್ಬಿ ತಿರುಗಿಸಿ ಓದಿದೆ. ಅದರಲ್ಲಿ ಗೋಧಿ ಹಿಟ್ಟು! ಅಂಗಡಿಯ ಪುಡಿ ಇಂಗು ಬರೀ ಇಂಗಲ್ಲ. ಅಂಟು, ಹಿಟ್ಟು ಬೆರೆಸಿ ಮಾಡಿರುತ್ತಾರೆ, ಎಷ್ಟೋ ಸಲ ಆ ಹಿಟ್ಟು ಗೋಧಿಯದೇ. ದಿನಾ ಪ್ರೀತಿಯಿಂದ ಒಗ್ಗರಣೆ ಹಾಕಿದ ಸಾರಿನಲ್ಲಿ ನಾನೇ ಅವಳಿಗೆ ಗೋಧಿ ಬಡಿಸುತ್ತಿದ್ದೆ. ಆ ದಿನ ನಾನು ಅತ್ತಿದ್ದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಮೊದಲು ಕಾಯಿಲೆ ಏನೆಂದು ತಿಳಿಯೋಣ. ಗ್ಲೂಟೆನ್ ಎನ್ನುವುದು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಚಪಾತಿ ಹಿಟ್ಟು ಎಳೆದರೆ ಹರಿಯದೆ ಹಿಗ್ಗುತ್ತದಲ್ಲ, ಅದು ಇದರಿಂದಲೇ. ಸೀಲಿಯಾಕ್ ಇರುವವರು ಅದನ್ನು ತಿಂದರೆ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಕರುಳು ಸವೆದು, ತಿಂದದ್ದು ಮೈಗೆ ಹತ್ತುವುದಿಲ್ಲ. ಇದು ಫ್ಯಾಷನ್ ಡಯಟ್ ಅಲ್ಲ, ಅಲರ್ಜಿಯೂ ಅಲ್ಲ. ಪ್ರಪಂಚದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದೆ. ಇದಕ್ಕೆ ಮಾತ್ರೆಯಿಲ್ಲ, ಜೀವನಪೂರ್ತಿ ಪಥ್ಯವೇ ಔಷಧಿ. ಇನ್ನೊಂದು ಮಾತು: ನಿಮಗೆ ಅನುಮಾನ ಬಂದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಸಿಕ್ಕದೇ ಹೋಗಬಹುದು.

ಕಳೆದ ರಜೆಯಲ್ಲಿ ಮಗಳು ಹಟ ಹಿಡಿದು ರೋಮ್‌ಗೆ ಹೊರಡಿಸಿದಳು. ನನಗೆ ಭಯ. ಪಾಸ್ತಾ, ಪಿಜ್ಜಾದ ದೇಶದಲ್ಲಿ ಈ ಹುಡುಗಿ ಏನು ತಿನ್ನುತ್ತಾಳೆ? ಹೋಗಿ ನೋಡಿದರೆ ನನ್ನ ಲೆಕ್ಕವೇ ತಲೆಕೆಳಗು. ಗೋಧಿಯನ್ನೇ ನಂಬಿದ ದೇಶವಾದ್ದರಿಂದಲೇ ಅವರಿಗೆ ಈ ಕಾಯಿಲೆಯ ಪರಿಚಯ ಚೆನ್ನಾಗಿದೆ. ಅಲ್ಲಿನ ಸೀಲಿಯಾಕ್ ಸಂಘ 1979ರಿಂದ ಕೆಲಸ ಮಾಡುತ್ತಿದೆ, ತರಬೇತಿ ಪಡೆದ ಹೋಟೆಲುಗಳ ಪಟ್ಟಿ ಇಟ್ಟಿದೆ. 2005ರಲ್ಲಿ ಇದಕ್ಕೆಂದೇ ಕಾನೂನು ಬಂತು. ಶಾಲೆ, ಆಸ್ಪತ್ರೆಗಳ ಕ್ಯಾಂಟೀನಿನಲ್ಲಿ ಕೇಳಿದವರಿಗೆ ಗ್ಲೂಟೆನ್ ಇಲ್ಲದ ಊಟ ಕೊಡಬೇಕು. ಬಿಸ್ಕತ್ತು, ಬ್ರೆಡ್ಡು ಔಷಧಿ ಅಂಗಡಿಯಲ್ಲೂ ಸಿಗುತ್ತವೆ.

ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ. 'ಸೆಂಜಾ ಗ್ಲೂತಿನೆ' ಎಂದರೆ ಗ್ಲೂಟೆನ್ ಇಲ್ಲದ್ದು. 'ಸೋನೊ ಚೆಲಿಯಾಕಾ' ಎಂದರೆ ನನಗೆ ಸೀಲಿಯಾಕ್ ಇದೆ ಎಂದು. ಹುಡುಗರು 'ಚೆಲಿಯಾಕೊ' ಎನ್ನಬೇಕು. ಸ್ವಿಟ್ಜರ್ಲೆಂಡಿನ ಟಿಚಿನೊ ಕಡೆ ಹೋದರೂ ಇದೇ ಭಾಷೆ, ಇದೇ ಮಾತು ನಡೆಯುತ್ತದೆ.

ಏನು ತಿನ್ನಬಹುದು? ಉತ್ತರ ಇಟಲಿಯ ಪೊಲೆಂತಾ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿಗೆ ಹಾಕಿ, ಕೋಲಿನಿಂದ ತಿರುವಿ ಮಾಡುವುದು. ನಮ್ಮ ಮುದ್ದೆಯ ದೂರದ ನೆಂಟನೇ ಸರಿ. ರಿಸೊಟ್ಟೊ ಅನ್ನ, ಆದರೆ ಅದನ್ನು ಬೇಯಿಸುವ ಸಾರು ಮಾಂಸದ್ದಿರಬಹುದು, ಸಸ್ಯಾಹಾರಿಗಳು ಕೇಳಿ. ಜೆನೋವಾ ಕಡೆಯ ಫರಿನಾತಾ ಕಡಲೆ ಹಿಟ್ಟಿನದು. ಒಲೆ ಮಾತ್ರ ಬ್ರೆಡ್ಡಿನದೇ ಆಗಿರಬಹುದು. ಐಸ್‌ಕ್ರೀಮ್ ಕೋನ್‌ನಲ್ಲಿ ಬೇಡ, ಕಪ್ಪಿನಲ್ಲಿ ಕೇಳಿ, ಚಮಚ ತೊಳೆದು ಕೊಡಲು ಹೇಳಿ. ರೋಮ್‌ನ ಸುಪ್ಲಿ ನೋಡಲು ಅನ್ನದ ಉಂಡೆ, ಹೊರಗೆ ಮಾತ್ರ ಬ್ರೆಡ್ ಪುಡಿ. ಫಾರ್ರೊ ಎಂದು ಹೆಸರಿದ್ದರೂ ಅದು ಗೋಧಿಯ ಜಾತಿಯೇ.

ವಿಮಾನದ ಊಟವನ್ನು ಮೊದಲೇ ಹೇಳಿಟ್ಟಿರಬೇಕು. ಸಾಮಾನ್ಯವಾಗಿ ಒಬ್ಬರಿಗೆ ಒಂದೇ ವಿಶೇಷ ಊಟ. ಗ್ಲೂಟೆನ್ ಇಲ್ಲದ್ದು ಎಂದರೆ ಸಸ್ಯಾಹಾರ ಸಿಗದಿರಬಹುದು. ನಾನು ಚೀಲದಲ್ಲಿ ಅವಲಕ್ಕಿ ಪುಡಿ ಚಟ್ನಿ, ಶೇಂಗಾ ಚಿಕ್ಕಿ ಇಟ್ಟಿದ್ದೆ. ಅವಲಕ್ಕಿಗೆ ಬಿಸಿನೀರು ಸಿಕ್ಕರೆ ಸಾಕು.

ಇಲ್ಲಿ ಕುವೈತಿನಲ್ಲೋ? ವಾರಾಂತ್ಯಕ್ಕೆ ಮುಬಾರಕಿಯಾ ಸೂಕ್‌ಗೆ ಹೋಗುತ್ತೀರಿ. ಮಚ್‌ಬೂಸ್ ಅನ್ನ. ಹರೀಸ್, ಜರೀಶ್ ಎರಡೂ ಗೋಧಿ. ತಬ್ಬೂಲೆ, ಕಿಬ್ಬೆಯಲ್ಲಿ ಗೋಧಿ ನುಚ್ಚು. ಹಮ್ಮುಸ್ ಕಡಲೆಯದು, ಖುಬ್ಜ್ ಬಿಟ್ಟು ಸೌತೆಕಾಯಿ ಜೊತೆ ತಿನ್ನಿ. ಫಲಾಫೆಲ್‌ಗೆ ಕೆಲವರು ಹಿಟ್ಟು ಬೆರೆಸುತ್ತಾರೆ, ಕೇಳಿ. ಅರಬ್ಬಿಯಲ್ಲಿ ಕೇಳುವುದು ನಮಗೆ ಸುಲಭ: 'ಖಾಲಿ ಮಿನ್ ಅಲ್ ಗ್ಲೂಟೆನ್'. ನಮ್ಮ ಅಜ್ಜಿ 'ಡಬ್ಬ ಖಾಲಿ' ಎನ್ನುವಾಗಿನ ಖಾಲಿ ಇದೇ. ಅರಬ್ಬಿಯಿಂದ ಪಾರ್ಸಿ, ಉರ್ದು ದಾಟಿ ಕನ್ನಡಕ್ಕೆ ಬಂದ ಪದ, ಇಲ್ಲಿ ತವರಿಗೆ ಬಂದಿದೆ ಅಷ್ಟೆ.

ಕರ್ನಾಟಕಕ್ಕೆ ಹೋದಾಗ ನಿಮಗೆ ಹಬ್ಬ ಎಂದುಕೊಳ್ಳಬಹುದು. ನಿಜ, ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರುದೋಸೆ ಇವುಗಳಲ್ಲಿ ಗ್ಲೂಟೆನ್ ಇಲ್ಲ. ಆದರೆ ಹಿಟ್ಟಿನ ಗಿರಣಿಯಲ್ಲಿ ರಾಗಿಗೆ ಮುಂಚೆ ಗೋಧಿ ಬೀಸಿರುತ್ತಾರೆ, ಅದೇ ತೊಂದರೆ. ಇಡ್ಲಿ ಸರಿ, ರವೆ ಇಡ್ಲಿ ಬೇಡ. ಒಬ್ಬಟ್ಟಿನ ಕಣಕ, ಚಿರೋಟಿ, ಗೋಳಿಬಜೆ, ಮದ್ದೂರು ವಡೆ, ಗೋಬಿ ಮಂಚೂರಿ ಎಲ್ಲದರಲ್ಲೂ ಮೈದಾ ಅಥವಾ ರವೆ. ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ. ಪೊಟ್ಟಣದ ಮೇಲೆ 'ಗ್ಲೂಟೆನ್ ಫ್ರೀ' ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇರಬಾರದು. ಭಾರತದಲ್ಲೂ, ಯುರೋಪಿನಲ್ಲೂ ಇದೇ ಅಳತೆ. ಎಷ್ಟು ಚೂರು ಹಿಟ್ಟು ಸಾಕು ಎಂದು ಇದರಿಂದಲೇ ತಿಳಿಯುತ್ತದೆ.

ಎಲ್ಲಕ್ಕಿಂತ ಕಷ್ಟ ಹೋಟೆಲಲ್ಲ, ನೆಂಟರ ಮನೆ. 'ಒಂದೇ ಒಂದು ಒಬ್ಬಟ್ಟು ಪುಟ್ಟಾ, ಏನೂ ಆಗಲ್ಲ' ಎಂದು ದೊಡ್ಡಮ್ಮ ಎಲೆಗೆ ಹಾಕಿಯೇ ಬಿಡುತ್ತಾರೆ. ಬೇಡ ಎಂದರೆ ಅವರಿಗೆ ಬೇಜಾರು, ತಿಂದರೆ ನಿಮಗೆ ಮೂರು ದಿನ ನರಳಾಟ. ಮಗಳು ಒಂದು ದಾರಿ ಕಂಡುಕೊಂಡಿದ್ದಾಳೆ. ಹೋಗುವ ಹಿಂದಿನ ದಿನವೇ ಫೋನ್ ಮಾಡುತ್ತಾಳೆ: 'ದೊಡ್ಡಮ್ಮಾ, ಗೋಧಿ, ಮೈದಾ, ರವೆ, ಪುಡಿ ಇಂಗು ನನಗೆ ಆಗಲ್ಲ. ತಿಂದರೆ ಕರುಳು ಹಾಳಾಗತ್ತೆ ಅಂತ ಡಾಕ್ಟರು ಹೇಳಿದಾರೆ. ನಂಗೆ ಅನ್ನ, ತುಪ್ಪ, ನೀವು ಮಾಡೋ ಹುಳಿ ಸಾಕು, ಇಂಗು ಹಾಕೋಕೆ ಮುಂಚೆ ಒಂದು ಸೌಟು ತೆಗೆದಿಡಿ.' ದೊಡ್ಡಮ್ಮನಿಗೆ ಮಾಡಿಕೊಡಲು ಒಂದು ಕೆಲಸ ಸಿಕ್ಕಿತು, ಬೇಜಾರು ಎಲ್ಲಿ ಉಳಿಯಿತು?

ನಿಮಗೆ ಈ ಕಾಯಿಲೆ ಇಲ್ಲದಿರಬಹುದು, ಗೆಳತಿಗೋ ಗೆಳೆಯನಿಗೋ ಇರಬಹುದು. ಊಟಕ್ಕೆ ಹೋದಾಗ ಅವರು ಮಾಣಿಯನ್ನು ನಾಲ್ಕು ಸಲ ಪ್ರಶ್ನೆ ಕೇಳಿದರೆ ನಗಬೇಡಿ. ಐದನೇ ಸಲ ನೀವೇ ಕೇಳಿ. ರೋಮ್‌ನಲ್ಲಿ ಮೊದಲ ರಾತ್ರಿ ನಾನು ತಡವರಿಸುತ್ತಿದ್ದಾಗ, ಏಳನೇ ತರಗತಿಯ ಮಗ ಎದ್ದು ನಿಂತು ಅಕ್ಕನ ಪರವಾಗಿ 'ಚೆಲಿಯಾಕಾ' ಎಂದ. ಮಾಣಿ ತಲೆಯಾಡಿಸಿ ಬೇರೆ ಮೆನು ತಂದುಕೊಟ್ಟ. ಮೂರು ವರ್ಷದಲ್ಲಿ ಮೊದಲ ಸಲ ಅವಳು ಹೋಟೆಲಿನಲ್ಲಿ ಪಿಜ್ಜಾ ತಿಂದಳು, ಕೊನೆಯ ತುಂಡನ್ನು ತಮ್ಮನಿಗೂ ಕೊಡಲಿಲ್ಲ.

ಇವತ್ತು ಮನೆಯಲ್ಲಿ ಒಂದು ಕೆಲಸ ಮಾಡಿ. ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತಿರುಗಿಸಿ ಓದಿ.