ಸುಳಿ ನೋಡಿದರೆ ಸಾಲದು



ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನಿಗೆ ಕುದುರೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ನಮ್ಮ ಸಾಹಿತ್ಯದಲ್ಲಿ ಅಶ್ವಶಾಸ್ತ್ರಕ್ಕೂ ಒಂದು ಸ್ಥಾನವುಂಟು. 17ನೆಯ ಶತಮಾನದಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತನು ‘ಹಯಸಾರ ಸಮುಚ್ಚಯ’ವೆಂಬ ಗ್ರಂಥವನ್ನೇ ಬರೆದನು. ಕುದುರೆಯ ಬಣ್ಣ, ಹಲ್ಲು, ಹೇಷಾರವ, ಸುಳಿ ಇವುಗಳನ್ನು ನೋಡಿ ಅದರ ಗುಣದೋಷಗಳನ್ನು ನಿರ್ಣಯಿಸುವುದು ನಮ್ಮವರ ಹಳೆಯ ವಿದ್ಯೆ. ಕೊರಳಿನ ಸುಳಿಗೆ ‘ದೇವಮಣಿ’ ಎಂಬ ಸುಂದರವಾದ ಹೆಸರೂ ಇದೆ.

ನಾನು ಬಾಲಕನಾಗಿದ್ದಾಗ ನಮ್ಮ ಬೀದಿಯ ಕೊನೆಯಲ್ಲಿ ಜಟಕಾ ಹೊಡೆಯುವ ಸಾಹೇಬರೊಬ್ಬರಿದ್ದರು. ಒಮ್ಮೆ ಅವರು ಜಾತ್ರೆಯಿಂದ ಕೆಂಚು ಬಣ್ಣದ ಕುದುರೆಯೊಂದನ್ನು ಕೊಂಡು ತಂದರು. ಹಲ್ಲು ನೋಡಿದ್ದರು, ಗೊರಸು ನೋಡಿದ್ದರು, ಸುಳಿಯನ್ನಂತೂ ಮೂರು ಸಲ ನೋಡಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಅದರ ಮೂಗು ಸೋರತೊಡಗಿತು. ನೆಗಡಿಯೆಂದು ಕಷಾಯ ಕುಡಿಸಿದರು. ಅದೇ ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದ ಪಕ್ಕದ ಜಟಕಾದ ಕುದುರೆಯೂ ಮಲಗಿತು. ಮಳೆಗಾಲ ಮುಗಿಯುವುದರೊಳಗೆ ಎರಡೂ ಸತ್ತವು; ಎರಡು ಮನೆಗಳ ಒಲೆ ಆರಿತು. ಮಾರಿದವನನ್ನು ಹುಡುಕಿಕೊಂಡು ಹೋದ ಸಾಹೇಬರಿಗೆ ಸಿಕ್ಕ ಉತ್ತರ ಒಂದೇ: ‘ಕೊಡುವಾಗ ಚೆನ್ನಾಗಿಯೇ ಇತ್ತಲ್ಲ!’

ಆ ರೋಗ ಯಾವುದೆಂದು ಪರೀಕ್ಷಿಸಿದವರಿಲ್ಲ. ಆದರೆ ಮಾರಿದವನು ಸುಳ್ಳು ಹೇಳಿದನೆಂದು ಅಂದು ನಾವೆಲ್ಲ ನಂಬಿದ್ದೆವು. ಅವನು ನಿಜವನ್ನೇ ಹೇಳಿರಬಹುದೆಂದು ನನಗೆ ಹೊಳೆದದ್ದು ಬಹುಕಾಲದ ಮೇಲೆ. ಇಂದಿನ ನನ್ನ ಮಾತಿನ ಸಾರ ಇಷ್ಟೆ.

ಕುದುರೆಯ ವ್ಯಾಪಾರದಲ್ಲಿ ನಷ್ಟ ಯಾರದು ಎಂಬುದು ಹಳೆಯ ಪ್ರಶ್ನೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವರ್ತಕ ನೂನಿಜ್ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಹೊರ್ಮುಜ್, ಏಡನ್‌ಗಳಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳನ್ನು ಸಾಳುವ ನರಸಿಂಹನು ಸತ್ತಿದ್ದರೂ ಬದುಕಿದ್ದರೂ ಒಂದೇ ಬೆಲೆಗೆ ಕೊಳ್ಳುತ್ತಿದ್ದನಂತೆ. ನಡುಗಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಹಣ ಸಂದಾಯವಾಗುತ್ತಿತ್ತು. ಅಂದು ಬಾಲವೇ ಪ್ರಮಾಣಪತ್ರ. ಆದರೆ ಅಂತಹ ದೊರೆ ಬಡ ಜಟಕಾದವನಿಗೆ ಎಲ್ಲಿಂದ ಬರಬೇಕು? ಅವನಿಗೆ ಬೇಕಾದುದು ಕುದುರೆ ಸತ್ತ ಮೇಲಿನ ಸಾಕ್ಷ್ಯವಲ್ಲ, ಅದನ್ನು ಕೊಳ್ಳುವ ಮೊದಲಿನ ಸಾಕ್ಷ್ಯ.

ಆ ಸಾಕ್ಷ್ಯವನ್ನು ಕಣ್ಣು ಕೊಡಲಾರದು. ಇದಕ್ಕೆ ಗ್ಲ್ಯಾಂಡರ್ಸ್ ಎಂಬ ರೋಗಕ್ಕಿಂತ ಉತ್ತಮವಾದ ಉದಾಹರಣೆಯಿಲ್ಲ. ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಅಂಟುವ ಈ ರೋಗದಲ್ಲಿ ಮೂಗಿನಲ್ಲೂ ಶ್ವಾಸಕೋಶದಲ್ಲೂ ಗಂಟುಗಳೂ ಹುಣ್ಣುಗಳೂ ಏಳುತ್ತವೆ; ಕೆಲವೊಮ್ಮೆ ಚರ್ಮದ ಮೇಲೂ ಸಾಲುಸಾಲಾಗಿ ಒಡೆಯುತ್ತವೆ. ಕತ್ತೆ, ಹೇಸರಗತ್ತೆಗಳು ಬೇಗನೆ ಸಾಯುತ್ತವೆ. ಕುದುರೆಯಾದರೋ ಎಷ್ಟೋ ಸಲ ರೋಗವನ್ನು ಒಳಗೇ ಇಟ್ಟುಕೊಂಡು ತಿಂಗಳುಗಟ್ಟಲೆ ಗಾಡಿ ಎಳೆಯುತ್ತದೆ. ಅದು ಮುಸುಡಿಯಿಟ್ಟ ತೊಟ್ಟಿಯ ನೀರಿನಿಂದ, ಅದರ ಮುಖಕ್ಕೆ ಕಟ್ಟಿದ ಹುರುಳಿಯ ಚೀಲದಿಂದ ರೋಗ ಇನ್ನೊಂದಕ್ಕೆ ದಾಟುತ್ತದೆ. ಮೈ ತಿಕ್ಕುವ ಮನುಷ್ಯನಿಗೂ ಅದು ತಗುಲಬಹುದು. ಚಿಕಿತ್ಸೆಯಿಲ್ಲದಿದ್ದರೆ ಅವನಿಗೂ ಅದು ಮಾರಕ.

ಇದರ ರೋಗಾಣುವನ್ನು 1882ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಶುಟ್ಜ್ ಎಂಬ ವಿಜ್ಞಾನಿಗಳು ಬೇರ್ಪಡಿಸಿದರು. 1890ರ ಸುಮಾರಿನಲ್ಲಿ ರಷ್ಯದ ಹೆಲ್ಮನ್, ಕಾಲ್ನಿಂಗ್ ಎಂಬ ಪಶುವೈದ್ಯರು ಆ ರೋಗಾಣುಗಳಿಂದ ಮ್ಯಾಲೀನ್ ಎಂಬ ದ್ರವವನ್ನು ತಯಾರಿಸಿದರು. ಅದನ್ನು ಕುದುರೆಯ ಕೆಳರೆಪ್ಪೆಯ ಚರ್ಮಕ್ಕೆ ಕಿಂಚಿತ್ ಚುಚ್ಚಿ ಎರಡು ದಿನ ಕಾಯಬೇಕು. ರೋಗ ಅಡಗಿದ್ದರೆ ರೆಪ್ಪೆ ಊದಿ ಕಣ್ಣು ಕೀವುಗಟ್ಟುತ್ತದೆ. ಅಡಗಿದ್ದ ವೈರಿಯನ್ನು ಹೊರಗೆಳೆಯುವ ಉಪಾಯವನ್ನು ಕೊಟ್ಟ ಕಾಲ್ನಿಂಗ್, ಅದೇ ರೋಗ ತಗುಲಿ ತೀರಿಕೊಂಡನು. ಹೀಗೆ ಪತ್ತೆಯಾದ ಕುದುರೆಗಳನ್ನು ಕೊಂದು ಕೊಂದೇ ಬ್ರಿಟನ್ 1928ರ ಹೊತ್ತಿಗೆ ಈ ರೋಗದಿಂದ ಮುಕ್ತವಾಯಿತು.

ನಮ್ಮ ದೇಶದಲ್ಲಿ ಇದಕ್ಕಾಗಿಯೇ 1899ರಲ್ಲಿ ಕಾಯಿದೆಯೊಂದು ಬಂದಿತ್ತು. ಈಗ ಅದರ ಸ್ಥಾನದಲ್ಲಿ, ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗೆಗಿನ 2009ರ ಕೇಂದ್ರ ಕಾಯಿದೆಯಿದೆ. ರೋಗದ ಶಂಕೆ ಬಂದರೆ ಒಡೆಯನು ತಿಳಿಸಲೇಬೇಕು. ನಿಯಂತ್ರಿತ ಪ್ರದೇಶವೆಂದು ಸಾರಿದೆಡೆಯಿಂದ ಪ್ರಾಣಿಗಳನ್ನು ಸಾಗಿಸುವಂತಿಲ್ಲ. ಇದಲ್ಲದೆ 1978ರ ಸಾಗಣೆ ನಿಯಮಗಳ ಪ್ರಕಾರ ರೈಲು, ರಸ್ತೆ, ಹಡಗು ಯಾವುದರಲ್ಲಿಯೇ ಆಗಲಿ, ಕುದುರೆಯೊಡನೆ ಪಶುವೈದ್ಯರ ಪತ್ರವೂ ಪ್ರಯಾಣ ಮಾಡಬೇಕು: ಪ್ರಾಣಿ ಪ್ರಯಾಣಕ್ಕೆ ಶಕ್ತವಾಗಿದೆ, ಅದಕ್ಕೆ ಅಂಟುರೋಗವಿಲ್ಲ ಎಂದು. ಗ್ಲ್ಯಾಂಡರ್ಸಿನ ಸಂದೇಹವಿದ್ದ ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದವರೆಗೂ ಹೋಗಿ ಖಚಿತಪಡುತ್ತದೆ. ಇವೆಲ್ಲ ಅನಾವಶ್ಯಕವೆನ್ನುವಂತಿಲ್ಲ. 2006ರಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ತಲೆಯೆತ್ತಿದ ಈ ರೋಗ ಮುಂದಿನ ವರ್ಷಗಳಲ್ಲಿ ಹಲವು ರಾಜ್ಯಗಳಲ್ಲಿ ಕಾಣಿಸಿಕೊಂಡಿತು.

ರೋಗ ಬೇರೆಯಾದರೂ ನ್ಯಾಯ ಒಂದೇ. ಅಮೆರಿಕದಲ್ಲಿ ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ಎಂಬ ವ್ಯಾಧಿಯುಂಟು. ಕಚ್ಚುವ ದೊಡ್ಡ ನೊಣಗಳು ಅದನ್ನು ಹೊತ್ತೊಯ್ಯುತ್ತವೆ. ಒಮ್ಮೆ ತಗುಲಿದರೆ ಸಾಯುವವರೆಗೂ ಬಿಡದು, ಆದರೆ ಕುದುರೆ ಆರೋಗ್ಯವಾಗಿಯೇ ಕಾಣಬಹುದು. ಮೊದಲು ಇದನ್ನು ಕಂಡುಹಿಡಿಯಲು ಶಂಕಿತ ಕುದುರೆಯ ರಕ್ತವನ್ನು ಇನ್ನೊಂದು ಒಳ್ಳೆಯ ಕುದುರೆಗೆ ಚುಚ್ಚಿ ಕಾಯಬೇಕಾಗಿತ್ತು. 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಲೀರಾಯ್ ಕಾಗಿನ್ಸ್ ಒಂದು ರಕ್ತಪರೀಕ್ಷೆಯನ್ನು ರೂಪಿಸಿ ಆ ಕ್ರೌರ್ಯವನ್ನು ತಪ್ಪಿಸಿದನು. ಅಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕುದುರೆ ಹೋಗಬೇಕಾದರೆ ಸಾಮಾನ್ಯವಾಗಿ ವರ್ಷದೊಳಗೆ ಮಾಡಿಸಿದ ಈ ಪರೀಕ್ಷೆಯ ಪತ್ರ ಬೇಕು. ರೋಗ ಖಚಿತವಾದರೆ ಒಡೆಯನಿಗೆ ಉಳಿಯುವ ಮುಖ್ಯ ದಾರಿಗಳು ಎರಡು: ಕುದುರೆಯನ್ನು ಕೊಲ್ಲಿಸುವುದು, ಇಲ್ಲವೆ ಇತರ ಕುದುರೆಗಳಿಂದ ಕನಿಷ್ಠ 200 ಗಜ ದೂರದಲ್ಲಿ ಜೀವಾವಧಿ ಏಕಾಂತದಲ್ಲಿಡುವುದು.

ಪತ್ರವಿದ್ದರೆ ಭಯವಿಲ್ಲವೆನ್ನೋಣವೇ? ಅದೂ ತಪ್ಪು. ರೋಗ ಹೊಕ್ಕ ಮೊದಲ ದಿನಗಳಲ್ಲಿ ರಕ್ತ ಅದನ್ನು ಹೇಳದು. ಪರೀಕ್ಷೆ ಆ ಒಂದು ದಿನದ ಮಾತು. ಆದುದರಿಂದಲೇ ಹೊಸ ಕುದುರೆಯನ್ನು ಕೆಲವು ವಾರ ಬೇರೆ ಲಾಯದಲ್ಲಿ, ಬೇರೆ ಬಕೆಟ್ಟಿನಲ್ಲಿ ಇಡುವ ಪದ್ಧತಿ. ಆಸ್ಟ್ರೇಲಿಯಕ್ಕೆ ಕುದುರೆಗಳ ಫ್ಲೂ ರೋಗವೇ ಗೊತ್ತಿರಲಿಲ್ಲ. 2007ರಲ್ಲಿ ಸಿಡ್ನಿಯ ಬಳಿಯ ಸರ್ಕಾರಿ ಪ್ರತ್ಯೇಕವಾಸ ಕೇಂದ್ರಕ್ಕೆ ವಿದೇಶದಿಂದ ಬಂದ ಕುದುರೆಗಳಿಂದ ಅದು ಹೊರಗೆ ನುಸುಳಿ ಸಹಸ್ರಾರು ಕುದುರೆಗಳಿಗೆ ಹರಡಿತು. ವಿಚಾರಣೆ ನಡೆಸಿದ ನಿವೃತ್ತ ನ್ಯಾಯಮೂರ್ತಿ ಇಯಾನ್ ಕ್ಯಾಲಿನನ್ ಅವರು ಎತ್ತಿ ತೋರಿಸಿದ್ದು ಕೇಂದ್ರದೊಳಗಿನ ಶಿಸ್ತಿನ ಕೊರತೆಯನ್ನು. ಪತ್ರವಿತ್ತು, ಗೋಡೆಯಿತ್ತು, ಬಂದುಹೋಗುವವರ ಕೈ, ಬಟ್ಟೆ, ಸಲಕರಣೆಗಳ ಮೇಲೆ ತಕ್ಕ ಎಚ್ಚರವಿರಲಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ನನ್ನ ಭಾಷಣ ಅರ್ಧಸತ್ಯವಾದೀತು. ಪಂದ್ಯದ ಕುದುರೆಯ ಶ್ರೀಮಂತನಿಗೆ ಪರೀಕ್ಷೆ ಒಂದು ಖರ್ಚು. ಇಟ್ಟಿಗೆಗೂಡಿನಲ್ಲಿ ಹೇಸರಗತ್ತೆ ದುಡಿಸುವವನಿಗೆ, ಮದುವೆಯ ಮೆರವಣಿಗೆಗೆ ಕುದುರೆ ಕೊಡುವವನಿಗೆ ಅದು ಅನ್ನದ ಪ್ರಶ್ನೆ. ನಿನ್ನ ಕುದುರೆಗೆ ಗ್ಲ್ಯಾಂಡರ್ಸ್ ಇದೆ ಎಂದರೆ ಚಿಕಿತ್ಸೆಗೆ ಅವಕಾಶವಿಲ್ಲ. ಮೇಯುತ್ತಿರುವ, ದುಡಿಯುತ್ತಿರುವ ಜೀವವನ್ನು ಕೊಂದು ಹೂಳಬೇಕು. ಪರಿಹಾರಧನದ ಏರ್ಪಾಡು ಉಂಟು. ಆದರೆ ಅದು ಹೊತ್ತಿಗೆ ಸರಿಯಾಗಿ, ಇನ್ನೊಂದು ಪ್ರಾಣಿಯನ್ನು ಕೊಳ್ಳುವಷ್ಟು ಸಿಗಬೇಕು. ಸಿಗದಿದ್ದರೆ ಅವನು ಏನು ಮಾಡಿಯಾನು? ರಾತ್ರೋರಾತ್ರಿ ಮುಂದಿನ ಊರಿನ ಸಂತೆಗೆ ಹೊಡೆದುಕೊಂಡು ಹೋಗುತ್ತಾನೆ. ಅವನನ್ನು ಅಪರಾಧಿಯೆನ್ನುವುದು ಸುಲಭ. ಆದರೆ ಒಬ್ಬ ಬಡವನ ನಷ್ಟವನ್ನು ಸಮಾಜ ಹೊರದಿದ್ದಾಗ ಆ ನಷ್ಟ ಕಾಲು ಪಡೆದು ಇನ್ನೊಬ್ಬ ಬಡವನ ಲಾಯಕ್ಕೆ ನಡೆಯುತ್ತದೆ. ನಿಯಮ ಪರೀಕ್ಷೆಯಲ್ಲಿ ಮುಗಿಯದೆ ಪರಿಹಾರದಲ್ಲಿ ಮುಗಿದಾಗ ಮಾತ್ರ ಅದು ಪೂರ್ಣ.

ಪರೀಕ್ಷೆಯ ಪತ್ರವನ್ನು ಕೇಳುವುದು ಮಾರುವವನ ಮೇಲಿನ ಅಪನಂಬಿಕೆಯಲ್ಲ. ಅವನಿಗೂ ತಿಳಿಯದುದನ್ನು ಅವನ ಕುದುರೆಯ ರಕ್ತದಿಂದ ಕೇಳುವುದು ಅಷ್ಟೆ. ಜಾತ್ರೆಯಲ್ಲಿ ಸುಳಿ ನೋಡುವವರು ಧಾರಾಳವಾಗಿ ನೋಡಲಿ; ದೇವಮಣಿಯ ಚೆಲುವಿಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಹಗ್ಗ ಕೈ ಬದಲಾಯಿಸುವ ಮೊದಲು ಒಂದು ತೊಟ್ಟು ರಕ್ತವೂ ಸಾಕ್ಷಿ ನುಡಿಯಲಿ. ನಮ್ಮ ಬೀದಿಯ ಸಾಹೇಬರಿಗೆ ಆ ಸಾಕ್ಷಿ ದೊರೆತಿದ್ದರೆ, ಆ ಮಳೆಗಾಲ ಎರಡು ಮನೆಗಳಲ್ಲಿಯೂ ಒಲೆ ಉರಿಯುತ್ತಿತ್ತು.