ಬೆಳೆಯ ಅಳತೆ

ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಗಡಿಗೆಯ ಅನ್ನವನ್ನೆಲ್ಲ ಹಿಸುಕಿ ನೋಡಬೇಕಾಗಿಲ್ಲ; ಒಂದು ಅಗುಳನ್ನು ಒತ್ತಿ ನೋಡಿದರೆ ಸಾಕು. ಒಂದು ಊರಿನ ರಾಗಿಯ ಇಳುವರಿಯನ್ನು ತಿಳಿಯಲೂ ಇದೇ ಉಪಾಯ ಸಾಲದೇ? ಸಾಲದು. ಗಡಿಗೆಯೊಳಗೆ ನೀರೂ ಕಾವೂ ಎಲ್ಲ ಅಗುಳುಗಳಿಗೂ ಸಮನಾಗಿ ದೊರೆಯುತ್ತವೆ. ಮಳೆಯನ್ನೇ ನಂಬಿದ ಹೊಲಗಳ ಸ್ಥಿತಿ ಹಾಗಲ್ಲ. ಕೆರೆಯ ಈಚೆ ಸುರಿದ ಮಳೆ ಆಚೆ ಹನಿಯದೆ ಹೋಗುವುದುಂಟು. ತಗ್ಗಿನಲ್ಲಿ ತೇವ ನಿಂತು ತೆನೆ ತೂಗುತ್ತಿರುವಾಗ ದಿಬ್ಬದ ಮೇಲಿನ ಪೈರು ಸುರುಟಿಕೊಂಡಿರುತ್ತದೆ. ಹಾಗೆಂದು ಪ್ರತಿಯೊಂದು ಹೊಲದ ಬೆಳೆಯನ್ನೂ ಕೊಯ್ಯಿಸಿ ತೂಗುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ.

ಹಿಂದೆ ಈ ಕಾರ್ಯವು ಕಣ್ಣಳತೆಯಿಂದಲೇ ನಡೆಯುತ್ತಿತ್ತು. ಗ್ರಾಮಾಧಿಕಾರಿಯು ಬದುವಿನ ಮೇಲೆ ನಿಂತು, ಪೂರ್ಣ ಬೆಳೆಯನ್ನು ಹದಿನಾರಾಣೆಯೆಂದು ಎಣಿಸಿ, ಇದು ಎಂಟಾಣೆ, ಅದು ಹತ್ತಾಣೆ ಎಂದು ಬರೆದುಕೊಳ್ಳುತ್ತಿದ್ದನು. ಇದೇ ಆಣೆವಾರಿ ಪದ್ಧತಿ. ಕಂದಾಯದ ರಿಯಾಯಿತಿಯು ಈ ಆಣೆಗಳನ್ನೇ ಅವಲಂಬಿಸಿದ್ದುದರಿಂದ ದಾಕ್ಷಿಣ್ಯಕ್ಕೂ ಭಯಕ್ಕೂ ಅಲ್ಲಿ ಬೇಕಾದಷ್ಟು ಎಡೆಯಿತ್ತು. ಅನುಭವಿಯ ಕಣ್ಣು ಸಾಮಾನ್ಯವಾದುದಲ್ಲ, ನಿಜ. ಆದರೆ ಇಬ್ಬರು ಅನುಭವಿಗಳ ಕಣ್ಣು ಒಂದೇ ಲೆಕ್ಕವನ್ನು ಹೇಳುವುದು ಅಪರೂಪ.

ಮುಂದೆ ಒರಿಸ್ಸಾದ ಗವರ್ನರಾದ ಜೆ. ಎ. ಹಬಕ್ ಅವರು 1923ರಿಂದ 1925ರವರೆಗೆ ಬಿಹಾರ ಮತ್ತು ಒರಿಸ್ಸಾ ಪ್ರಾಂತದ ಭತ್ತದ ಗದ್ದೆಗಳಲ್ಲಿ ಬೇರೊಂದು ಮಾರ್ಗವನ್ನು ಹಿಡಿದರು. ಅಲ್ಲಲ್ಲಿ ಚಿಕ್ಕ ಚಿಕ್ಕ ತುಂಡುಗಳನ್ನು ಕೊಯ್ಯಿಸಿ ತೂಗಿಸಿದರು. ಆ ತುಂಡುಗಳ ಆಯ್ಕೆಯನ್ನು ಕಣ್ಣಿಗೆ ಬಿಡದೆ ಆಕಸ್ಮಿಕಕ್ಕೆ ಬಿಟ್ಟರು. ಪಿ. ಸಿ. ಮಹಾಲನೋಬಿಸ್ ಅವರು ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯಲ್ಲಿ ಈ ಮಾರ್ಗವನ್ನು ವಿಸ್ತರಿಸಿದರು.

ಈಗ ನಡೆಯುವ ಬೆಳೆ ಕಟಾವು ಪ್ರಯೋಗದ ಕ್ರಮವನ್ನು ನೋಡಿರಿ. ಮೊದಲು ಊರಿನ ಸರ್ವೆ ನಂಬರುಗಳಿಂದ ಹೊಲವನ್ನು ಆರಿಸುತ್ತಾರೆ. ಆ ಹೊಲದ ನೈಋತ್ಯ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಗಲಕ್ಕೆ ಎಷ್ಟು ಹೆಜ್ಜೆ ನಡೆಯಬೇಕೆಂಬುದನ್ನೂ ಯಾದೃಚ್ಛಿಕ ಸಂಖ್ಯೆಗಳೇ ನಿರ್ಧರಿಸುತ್ತವೆ. ಹೆಜ್ಜೆ ನಿಂತಲ್ಲಿ ಗೂಟ ನೆಟ್ಟು, ಹಗ್ಗ ಎಳೆದು, ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವನ್ನು ಗುರುತಿಸುತ್ತಾರೆ. ಅಲ್ಲಿ ಪೈರು ತೆಳುವಾಗಿರಲಿ, ಕಳೆಯೇ ತುಂಬಿರಲಿ, ಸ್ಥಳವನ್ನು ಬದಲಾಯಿಸುವಂತಿಲ್ಲ. ಬರಿದಾದ ನೆಲವೂ ಆ ವರ್ಷದ ಬೆಳೆಯ ಭಾಗವೇ. ಕೊಯ್ದ ತೆನೆಯನ್ನು ಬಡಿದು, ತೂರಿ, ಕಾಳನ್ನು ತೂಗುತ್ತಾರೆ. ಹಸಿ ಕಾಳಿನಲ್ಲಿ ನೀರಿನ ತೂಕವೂ ಸೇರಿರುವುದರಿಂದ ಒಣಗಿದ ಮೇಲಿನ ತೂಕವನ್ನೂ ಲೆಕ್ಕಕ್ಕೆ ತರುತ್ತಾರೆ. ಹೆಕ್ಟೇರೆಂದರೆ ಅಂತಹ 400 ಚೌಕಗಳು. ಚೌಕದಲ್ಲಿ 3 ಕಿಲೋಗ್ರಾಂ ಕಾಳು ದೊರೆತರೆ ಹೆಕ್ಟೇರಿಗೆ 12 ಕ್ವಿಂಟಲ್.

ಚೌಕ ಇನ್ನೂ ಚಿಕ್ಕದಾಗಿದ್ದರೆ ಶ್ರಮ ಉಳಿಯದೇ? ಉಳಿಯುತ್ತದೆ, ಸತ್ಯ ಕೆಡುತ್ತದೆ. ಗೆರೆಯ ಮೇಲೆ ನಿಂತ ಗಿಡವನ್ನು ಒಳಕ್ಕೆ ಸೇರಿಸಿಕೊಳ್ಳುವುದು ಕೊಯ್ಯುವವರ ಸಹಜ ಪ್ರವೃತ್ತಿ. ಒಂದು ಚದರ ಮೀಟರಿನ ಚೌಕಕ್ಕೆ ನಾಲ್ಕು ಮೀಟರ್ ಗೆರೆ. 25 ಚದರ ಮೀಟರಿಗೆ 20 ಮೀಟರ್ ಮಾತ್ರ. ಚಿಕ್ಕ ತುಂಡುಗಳು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತವೆಂಬುದನ್ನು ಪಿ. ವಿ. ಸುಖಾತ್ಮೆ ಅವರು 1946ರಲ್ಲಿ ಪ್ರಕಟಿಸಿದರು.

ಈ ತೂಕಗಳು ಈಗ ಕೇವಲ ಅಂಕಿ ಅಂಶಗಳ ಪುಸ್ತಕಕ್ಕಾಗಿ ಅಲ್ಲ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೊಂದರಲ್ಲಿ ಕನಿಷ್ಠ ನಾಲ್ಕು ಪ್ರಯೋಗಗಳು ನಡೆಯಬೇಕು. ಅವುಗಳ ಸರಾಸರಿಯು ಗೊತ್ತುಪಡಿಸಿದ ಮಟ್ಟಕ್ಕಿಂತ ಎಷ್ಟು ಕಡಿಮೆಯೋ ಆ ಪ್ರಮಾಣದಲ್ಲಿ ವಿಮೆ ಮಾಡಿಸಿದವರಿಗೆಲ್ಲ ಪರಿಹಾರ ದೊರೆಯುತ್ತದೆ. ಆ ಮಟ್ಟವು 10 ಕ್ವಿಂಟಲ್ ಎಂದೂ, ನಾಲ್ಕು ಚೌಕಗಳಲ್ಲಿ 1, 1.5, 2, 1.5 ಕಿಲೋಗ್ರಾಂ ದೊರೆಯಿತೆಂದೂ ಇಟ್ಟುಕೊಳ್ಳೋಣ. ಸರಾಸರಿ 1.5, ಅಂದರೆ ಹೆಕ್ಟೇರಿಗೆ 6 ಕ್ವಿಂಟಲ್. ಕೊರತೆ ನೂರಕ್ಕೆ 40. ಬಿಸಿಲಿಗೆ ಬೇಸತ್ತ ನೌಕರನು ಮೊದಲನೆಯ ಚೌಕವನ್ನು ಬಿಟ್ಟು, ದಾರಿಯ ಪಕ್ಕದ ತಗ್ಗಿನಲ್ಲಿ 3 ಕಿಲೋಗ್ರಾಂ ದೊರೆಯುವ ಕಡೆ ಹಗ್ಗ ಹಿಡಿದನೆನ್ನಿ. ಸರಾಸರಿಯು 2ಕ್ಕೆ ಏರಿ, ಇಳುವರಿ 8 ಕ್ವಿಂಟಲ್ ಆಗಿ, ಕೊರತೆ ನೂರಕ್ಕೆ 20ಕ್ಕೆ ಇಳಿಯುತ್ತದೆ. ಊರಿನವರ ಪರಿಹಾರದಲ್ಲಿ ಅರ್ಧ ಹೋಯಿತು! ದಿಬ್ಬದ ಕಡೆಗೇ ಹಗ್ಗ ಹಿಡಿಯುವಂತೆ ಊರಿನವರು ಒತ್ತಾಯಿಸಿದರೂ ಲೆಕ್ಕ ಅಷ್ಟೇ ಕೆಡುತ್ತದೆ. ಕಟಾವಿನ ಸ್ಥಳದ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸುವ ಏರ್ಪಾಡು ಬಂದಿರುವುದು ಇದಕ್ಕಾಗಿಯೇ.

ಹಗ್ಗವನ್ನು ನ್ಯಾಯವಾಗಿ ಹಿಡಿದಾಗಲೂ ಒಂದು ಕೊರತೆ ಉಳಿಯುತ್ತದೆ. ಆಲಿಕಲ್ಲು ಬಿದ್ದ ಹೊಲವನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ನಿಯಮವುಂಟು. ಆದರೆ ಊರಿನ ಬೆಳೆಯೆಲ್ಲ ಚೆನ್ನಾಗಿ ಬಂದು, ದಿಬ್ಬದ ಮೇಲಿನ ಒಬ್ಬನ ರಾಗಿ ಮಾತ್ರ ಮಳೆಯಿಲ್ಲದೆ ಒಣಗಿದರೆ, ಸರಾಸರಿಯು ಅವನಿಗೆ ಏನನ್ನೂ ಕೊಡುವುದಿಲ್ಲ.